ತಾತ ಬಾಯಿ ಬುಟ್ರೆ ನನ್ ಮದ್ವೆ ಮುರೀತದೆ

ನಮ್ಮನೇಲಿ ಒಂದು ವಾರ ಸುಮ್ನೆ ಕಳೀತು ಅನ್ನಂಗೇ ಇಲ್ಲ ಕಣ್ರೀ, ತಾತ ಬಾಯಿ ಬುಟ್ರೆ ಸಾಕು, ಏನಾರ ಒಂದು ಆಗೇ ಆಯ್ತದೆ! ತಾತ ಆಗಿನ ಕಾಲದ ರೇಡಿಯೋ ನಾಟಕದೋರು. ಹೀರೋ ಅನ್ಕೊಂಡ್ರಾ? ಅಲ್ಲ, ಕೇಡಿ ಪಾರ್ಟು! ವಿಷ ಹಾಕೋದು, ಬೀಗ ಜಡಿಯೋದು, ಬೆಂಕಿ ಹಚ್ಚೋದು, ಎಲ್ಲಾ ಬರೀ ಗಂಟ್ಲಲ್ಲೇ. ಮನುಷ್ಯ ಇರುವೇನೂ ತುಳಿಯಲ್ಲ, ಗಂಟ್ಲು ಮಾತ್ರ ಇವತ್ಗೂ ಕೇಡೀದೇ. ಆ ಗಂಟ್ಲು ನನ್ ಮದ್ವೆಗೇ ಅಡ್ಡ ಬಂದ್ಬುಡ್ತಿತ್ತು. ಕೇಳಿ.

ಬಕೀಟಿಗೆ ಕಲ್ಲು

ಕೆ.ಆರ್. ಪೇಟೆಯಿಂದ ಪಾಂಡವಪುರಕ್ಕೆ ಬಸ್ಸಲ್ಲಿ ಹೋಗ್ತಿದ್ವಿ. ಕಿಟಕಿ ಪಕ್ಕ ಕೂತಿದ್ದ ಒಬ್ಬ ವಯಸ್ಸಾದ ಹೆಂಗಸ್ನ ತಾತ ಕೇಳಿದ್ರು, "ಒಸಿ ಜರುಗ್ತೀಯಾ ತಾಯಿ?"

ಆಯಮ್ಮ ಬೆಚ್ಚಿ ಎದ್ದೇ ನಿಂತ್ಕೊಂಡ್ಳು! "ಅಯ್ಯೋ, ಇದೇ ಗಂಟ್ಲು! ರೇಡಿಯೋದಲ್ಲಿ ಆ ಕೂಸ್ನ ಬಾವಿಗೆ ತಳ್ದೋನು ನೀನೇ ಅಲ್ವಾ?"

ಬಸ್ಸಿಗೆ ಬಸ್ಸೇ ತಿರುಗ್ತು. ತಾತ ಸಮಾಧಾನ ಹೇಳಕ್ಕೋದ್ರು, "ಕೂಸೂ ಇರ್ಲಿಲ್ಲ, ಬಾವೀನೂ ಇರ್ಲಿಲ್ಲ ತಾಯಿ. ಬಕೀಟು ನೀರಿಗೆ ಕಲ್ಲು ಹಾಕ್ದೆ ಅಷ್ಟೇ."

"ಮೇಲಿಂದ ಕಲ್ಲು ಬೇರೆ ಎತ್ತಾಕ್ದಾ, ನಿನ್ ಮನೆ ಹಾಳಾಗ!"

ಕರು ಓದಿದ ಪೇಪರ್ರು

ತಾತನ ಇನ್ನೊಂದು ಅಭ್ಯಾಸ ಹೇಳ್ಬೇಕು. ಮೈಕ್ ಮುಂದೆ ಹಾಳೆ ತಿರುವಿದ್ರೆ ಸರಸರ ಅಂತ ಸದ್ದು ಬರ್ತದಂತೆ. ಅದ್ಕೆ ಓದಿ ಮುಗ್ಸಿದ ಹಾಳೇನ ಸದ್ದಾಗ್ದಂಗೆ ನೆಲಕ್ಕೆ ಬುಟ್ಬುಡೋದು. ಮೈಕ್ ಬುಟ್ಟು ಎಷ್ಟೋ ವರ್ಸ ಆಯ್ತು, ಕೈ ಮಾತ್ರ ಬುಟ್ಟಿಲ್ಲ. ಜಗಲಿ ಮೇಲೆ ಕೂತು ಪೇಪರ್ ಓದ್ತಾರೆ, ಒಂದೊಂದೇ ಹಾಳೆ ತೇಲ್ಕೊಂಡು ಕೆಳಕ್ಕೆ.

ಅಪ್ಪ ಒಂದಿನ ಹಾಲು ಡೇರಿಗೆ ಹಾಕ್ಬುಟ್ಟು ಬಂದು ಕೂಗಾಡ್ತು, "ಪೇಪರ್ ಎಲ್ಲಿ?"

ನೋಡಿದ್ರೆ ಕೆಳಗೆ ನಮ್ ಕರು ಸಿನಿಮಾ ಪುಟ ಮುಗ್ಸಿ, ರಾಜಕೀಯಕ್ಕೆ ಕಾಯ್ತಾ ನಿಂತದೆ!

ಫೋನ್ ಎತ್ತಿದ್ದು

ಈಗ ನನ್ ವಿಷ್ಯ. ನಾಗಮಂಗಲದ ಹುಡುಗ. ನಂಗೆ ಇಷ್ಟ ಅಂದ್ರೆ ಅಷ್ಟಿಷ್ಟಲ್ಲ! ಆದ್ರೆ ಅವ್ರ ಮನೇಲಿ ಅಜ್ಜಿ ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ಹುಡುಗ ನಗ್ತಾ ಹೇಳ್ದ, "ನಮ್ಮಜ್ಜಿ ರೇಡಿಯೋ ಹುಚ್ಚಿ ಕಣೆ. ಯಾವ್ದೋ ನಾಟಕದಲ್ಲಿ ಸೊಸೇನ ರೂಮಲ್ಲಿ ಕೂಡಾಕಿ ಬೆಂಕಿ ಹಚ್ಚಿದ್ನಂತೆ ಒಬ್ಬ ಮಾವ. ಅವ್ನಿಗೆ ಇವತ್ಗೂ ಶಾಪ ಹಾಕ್ತಾಳೆ."

ನಂಗೆ ನಗು ಬರ್ಲಿಲ್ಲ. ಆ ಮಾವ ನಮ್ ತಾತನೇ!

ಇದಾದ್ ಮೂರೇ ದಿನಕ್ಕೆ ಹುಡುಗನ ಅಪ್ಪ ಫೋನ್ ಮಾಡವ್ರೆ, ತಾತ ಎತ್ಬುಟ್ಟವ್ರೆ. ಮೆತ್ತಗೆ, ನಿಧಾನಕ್ಕೆ ಅಂದ್ರಂತೆ, "ನಮ್ ಹುಡ್ಗಿ ಒಳಗವ್ಳೆ. ನೀವೆಲ್ಲಾ ಬನ್ನಿ. ಕಾಯ್ತಿರ್ತೀನಿ."

ಆ ಕಡೆಯಿಂದ ನಡುಗೋ ದನಿ, "ಸ್ವಾಮಿ, ಏನ್ ಬೇಕೋ ಕೇಳಿ, ಹುಡ್ಗೀಗೆ ಮಾತ್ರ ಏನೂ ಮಾಡ್ಬೇಡಿ!"

ಮಫ್ಲರ್ ಮತ್ತೆ ಮೈಕು

ಅಪ್ಪ ಫೋನ್ ಕಿತ್ಕೊಂಡು ಅವ್ರಿಗೆ ಸಮಾಧಾನ ಹೇಳಿ, ಅಂತೂ ಮಾತು ಕುದುರ್ತು. ಶ್ರೀರಂಗಪಟ್ಣದ ಛತ್ರದಲ್ಲಿ ನಿಶ್ಚಿತಾರ್ಥ. ಅಪ್ಪ ತಾತಂಗೆ ಬೆಳಿಗ್ಗೇನೇ ಹೇಳ್ತು, "ಇವತ್ತೊಂದಿನ ಬಾಯಿ ಬುಡ್ಬೇಡ. ಗಂಟ್ಲು ಕಟ್ಟದೆ ಅಂತ ಹೇಳ್ತೀವಿ." ಉರಿ ಬಿಸ್ಲಲ್ಲಿ ತಾತನ ಕತ್ತಿಗೆ ಉಲ್ಲನ್ ಮಫ್ಲರ್ ಸುತ್ತಿದ್ವಿ. ಹುಡುಗನ ಅಜ್ಜಿ ಎದುರ್ಗೇ ಕೂತವ್ಳೆ. ಏನೋ ಕೇಳ್ತಾಳೆ, ತಾತ ತಲೆ ಆಡಿಸ್ತಾರೆ. ನಾನು ಜಾರೋ ಮಫ್ಲರ್ನ ಮತ್ತೆ ಮತ್ತೆ ಸರಿ ಮಾಡ್ತಾ ಕೂತಿವ್ನಿ.

ಲಗ್ನಪತ್ರಿಕೆ ಓದೋ ಹೊತ್ಗೆ ಐನೋರಿಗೆ ನಿಜ್ವಾಗ್ಲೂ ಕೆಮ್ಮು ಬಂದ್ಬುಡ್ತು! ಅಜ್ಜಿ ಕೂಗ್ತು, "ಯಾರಾರ ಗಟ್ಟಿಯಾಗಿ ಓದ್ರಪ್ಪ, ನಂಗೆ ಕಿವಿ ಮಂದ." ಯಾರೋ ಪುಣ್ಯಾತ್ಮ ಪತ್ರಿಕೇನೂ ಮೈಕ್ನೂ ತಂದು ಹಿರೀರು ಅಂತ ತಾತನ ಕೈಗೇ ಕೊಟ್ಟ. ಮೈಕ್ ಕಂಡಿದ್ದೇ ತಡ, ತಾತನ ಬೆನ್ನು ನೆಟ್ಟಗಾಯ್ತು. ಮಫ್ಲರ್ ಬಿಚ್ಚಿದ್ರು. "ತಾತ, ಬೇಡ" ಅಂದೆ. ಆಗ್ಲೇ ಶುರು!

ಮೊದ್ಲ ಹಾಳೆ ಮುಗೀತು. ಕೈ ಸುಮ್ನಿರ್ತದಾ? ಅರಿಶಿಣ ಕುಂಕುಮ ಹಚ್ಚಿದ ಲಗ್ನಪತ್ರಿಕೆ ತೇಲ್ಕೊಂಡು ನೆಲಕ್ಕೆ! ಇಡೀ ಛತ್ರ "ಹಾ!" ಅಂತು. ಹುಡುಗನ ಕಡೆಯೋರು ಎದ್ದು ನಿಂತ್ರು, "ಅಪಶಕುನ! ಇನ್ ಮಾತೇ ಬೇಡ!"

"ತಡೀರ್ಲಾ!" ಅಂತ ಅಜ್ಜಿ ಕೋಲು ಊರ್ಕೊಂಡು ತಾತನ ಮುಂದೆ ಬಂದ್ಳು. ಕಣ್ಣು ಕೆಂಪಗೆ. "ಸೊಸೇಗೆ ಬೆಂಕಿ ಹಚ್ಚಿದೋನು ನೀನೇ ಕಣ್ಲಾ!" ಮುಗೀತು ನನ್ ಕತೆ ಅನ್ಕೊಂಡೆ. ಅಜ್ಜಿ ಇನ್ನೂ ಹತ್ರ ಬಂದ್ಳು. "ನೀನು ಕಡ್ಡಿ ಗೀರ್ದೆ, ನನ್ ರೇಡಿಯೋ ಸೆಲ್ ಮುಗ್ದೋಯ್ತು. ಅವತ್ತಿಂದ ಕಾಯ್ತಾ ಇವ್ನಿ. ಆ ಹೆಣ್ಣು ಬದುಕಿದ್ಳಾ, ಸತ್ತೋದ್ಳಾ? ಅದ್ ಹೇಳು, ಆಮೇಲೆ ಮದ್ವೆ ಮಾತು!"

ತಾತ ನನ್ ಕಿವೀಲಿ ಪಿಸುಗುಟ್ಟಿದ್ರು, "ನಂಗೊತ್ತಿಲ್ಲ ಕಣವ್ವಾ. ನನ್ ಪಾರ್ಟ್ ಮುಗೀತಿದ್ದಂಗೆ ಕೊನೇ ಬಸ್ಸಿಗೆ ಓಡ್ಬುಡ್ತಿದ್ದೆ!"

"ಬದುಕಿಸ್ಬುಡು ತಾತ!"

ತಾತ ಗಂಟ್ಲು ಸರಿ ಮಾಡ್ಕೊಂಡ್ರು. "ಬದುಕಿದ್ಳು ತಾಯಿ. ಊರೋರು ಬಾಗ್ಲು ಒಡ್ದು ಎತ್ಕೊಂಡ್ ಬಂದ್ರು."

"ನೀನು?"

"ಜೈಲ್ಗೋದೆ. ಜೀವಾವಧಿ."

ಅಜ್ಜಿ ಕಣ್ಣು ಒರೆಸ್ಕೊಂಡು, ತಿರುಗಿ ತನ್ ಕಡೆಯೋರ್ನ ಗದರಿದ್ಳು, "ಏನ್ರಲಾ ಅಪಶಕುನ? ಜೈಲಲ್ಲಿ ರಾಗಿ ಬೀಸಿ ಬೀಸಿ ಕೈ ಸೋತದೆ ಪಾಪ, ಕಾಗ್ದ ಜಾರ್ದೆ ಇರ್ತದಾ? ಎತ್ಕೊಡ್ರಲಾ, ಮಿಕ್ಕಿದ್ದೂ ಓದ್ಲಿ!"