ಕಟ್ಟಪುಣಿ ಮನೆತನದ ಜನಗಣತಿ

ಶೆಟ್ಟಿ, ಭಟ್, ಪೂಜಾರಿ, ಕಾಮತ್ ಎಂಬ ಹೆಸರಿನವರಿಗೆ ತಮ್ಮ ಮನೆತನದ ಬಗ್ಗೆ ಯೋಚಿಸುವ ಪ್ರಮೇಯ ಬರುವುದಿಲ್ಲ. ಅವರಿಗೆ ಅದು ಮೊಣಕೈ ಇದ್ದ ಹಾಗೆ. ಇದೆ, ಮಡಚುತ್ತದೆ, ಅಲ್ಲಿಗೆ ಮುಗಿಯಿತು. ನನ್ನ ಸ್ಥಿತಿ ಹಾಗಲ್ಲ. ನನ್ನ ಮನೆತನದ ಹೆಸರು ಕಟ್ಟಪುಣಿ. ತುಳು ಬಾರದವರಿಗಾಗಿ ಹೇಳುವುದಾದರೆ, ಎರಡು ಗದ್ದೆಗಳ ನಡುವೆ ನೀರು ನಿಲ್ಲಲೂ ಜನ ನಡೆಯಲೂ ಕಟ್ಟುವ ಮಣ್ಣಿನ ಬದುವಿಗೆ ಕಟ್ಟಪುಣಿ ಎನ್ನುತ್ತಾರೆ. ನಾಯಕ, ಬಲ್ಲಾಳ, ಹೆಗ್ಗಡೆ ಮುಂತಾದ ಹೆಸರುಗಳೆಲ್ಲ ಹಂಚಿ ಮುಗಿದ ಮೇಲೆ ಸಾಲಿನಲ್ಲಿ ಬಂದು ನಿಂತವರಿಗೆ ಉಳಿದದ್ದು ಇದು ಎಂದು ನೀವು ತಿಳಿದರೆ ನಾನು ತಕರಾರು ಮಾಡುವುದಿಲ್ಲ. ಇಂಥ ಹೆಸರಿಟ್ಟುಕೊಂಡು ಉಡುಪಿಯಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗುವುದು ಸುಲಭವಲ್ಲ. ನಮ್ಮ ಕಡೆಯವರು ಬಹಳ ಸಭ್ಯರು. ಜಾತಿಯನ್ನು ಬಾಯಿಬಿಟ್ಟು ಕೇಳುವುದಿಲ್ಲ, ಹೆಸರು ಕೇಳಿ ಅಂದಾಜು ಮಾಡಿಕೊಳ್ಳುತ್ತಾರೆ. ಪಕ್ಕದಲ್ಲಿ ಕೂತವರು ಮಣಿಪಾಲ ದಾಟುವ ಮೊದಲೇ ಹೆಸರು ಕೇಳುತ್ತಾರೆ, ನಾನು ಹೇಳುತ್ತೇನೆ. ಹಿರಿಯಡ್ಕದವರೆಗೆ ಕಿಟಕಿಯ ಹೊರಗೆ ನೋಡುತ್ತಾರೆ. ಬೈಲೂರು ಬರುವಾಗ ತಡೆಯಲಾರದೆ, "ಕಟ್ಟಪುಣಿ ಅಂದರೆ ನೀವು ಎಂತದು ಮಾರಾಯ್ರೇ?" ಎನ್ನುತ್ತಾರೆ. ನಾನು "ಬೈಂಡರ್" ಎನ್ನುತ್ತೇನೆ. ಸುಳ್ಳಲ್ಲ, ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಅಂಟಿಸುವುದು ನನ್ನ ಕೆಲಸ. ಆದರೆ ಆ ಉತ್ತರ ಕೇಳಿದ ಯಾರೂ ನೆಮ್ಮದಿಯಿಂದ ಕಾರ್ಕಳದಲ್ಲಿ ಇಳಿದದ್ದನ್ನು ನಾನು ಕಂಡಿಲ್ಲ.

ಈ ಮನೆತನದ ಮೂಲ ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ಅದನ್ನು ಸ್ಥಾಪಿಸಿದವಳು ನನ್ನ ಅಕ್ಕ ವಾರಿಜ, ತನ್ನ ಏಳನೆಯ ವಯಸ್ಸಿನಲ್ಲಿ. ಅಮ್ಮ ಬೆಳ್ಮಣ್ಣಿನಲ್ಲಿ ಇಬ್ಬರು ಧಣಿಗಳ ಗದ್ದೆಗಳಲ್ಲಿ ನೇಜಿ ನೆಡುತ್ತಿದ್ದಳು. ಅವರಿಬ್ಬರ ಗದ್ದೆಗಳ ನಡುವಿನ ಕಟ್ಟಪುಣಿ ಒಂದು ತುದಿಯಲ್ಲಿ ತುಸು ಅಗಲವಾಗಿತ್ತು. ಅಲ್ಲಿ ನಮ್ಮ ಮುಳಿಹುಲ್ಲಿನ ಗುಡಿಸಲು. ಆ ಜಾಗ ತನ್ನದೆಂದು ಇಬ್ಬರೂ ಹೇಳದ ಕಾರಣ ನಾವು ಅಲ್ಲಿ ಉಳಿದೆವು. ಅಪ್ಪ ಯಾರೆಂದು ಅಮ್ಮ ಹೇಳಲಿಲ್ಲ, ನಾವು ಕೇಳಲಿಲ್ಲ. ಅಕ್ಕನನ್ನು ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ಟ್ರು ಮನೆತನ ಯಾವುದೆಂದು ಕೇಳಿದರಂತೆ. ಅಮ್ಮ ನೆಲ ನೋಡುತ್ತ ನಿಂತಳಂತೆ. ಅಕ್ಕನೇ ಮುಂದೆ ಬಂದು "ಕಟ್ಟಪುಣಿ" ಎಂದಳಂತೆ. ಮಾಸ್ಟ್ರು ನಕ್ಕು ಬರೆದುಕೊಂಡರು. ನಾಲ್ಕು ವರ್ಷದ ಮೇಲೆ ನಾನು ಅದೇ ಶಾಲೆಗೆ ಹೋಗುವಾಗ ನಮ್ಮ ಮನೆತನ ಆಗಲೇ ಪ್ರಾಚೀನವಾಗಿತ್ತು, ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅಕ್ಕ ಮುಂದೆ ಓದಿ ಟೀಚರಾದಳು; ನಾನು ಎಂಟನೆಯ ಕ್ಲಾಸಿನಲ್ಲಿ ಓದನ್ನು ಅದರ ಪಾಡಿಗೆ ಬಿಟ್ಟು ರಟ್ಟಿನ ಕಡೆಗೆ ಬಂದೆ. ಎಪ್ಪತ್ತರ ದಶಕದಲ್ಲಿ ಭೂಮಸೂದೆ ಬಂದು ಒಕ್ಕಲಿನವರೆಲ್ಲ ಡಿಕ್ಲರೇಶನ್ ಕೊಡುವಾಗ ನಾವೂ ಒಂದು ಕೊಡೋಣವೇ ಎಂದು ಕೇಳಿದ್ದೆ. ಅಕ್ಕ ಕೈಯಲ್ಲಿದ್ದ ಪುಸ್ತಕದಿಂದ ತಲೆಯೆತ್ತದೆ, "ಪುಣಿಗೆ ಎಂತ ಡಿಕ್ಲರೇಶನ್ ಮಾರಾಯ, ಹೆಸರು ತಗೊಂಡಿದ್ದೇವಲ್ಲ, ಸಾಕು" ಎಂದಳು.

ಇನ್ನು ಜನಸಂಖ್ಯೆ. ಅಮ್ಮ ಹೋದ ಮೇಲೆ ಕಟ್ಟಪುಣಿಗಳು ಇಬ್ಬರೇ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಎಲ್ಲ ಗೋಡೆಗಳ ಮೇಲೂ ಇತ್ತಲ್ಲ, ಆಗ ಸರಕಾರ ನಮ್ಮಿಬ್ಬರನ್ನು ಕರೆದು ಶಾಲು ಹೊದಿಸಬೇಕಿತ್ತು. ಇಷ್ಟು ಶ್ರದ್ಧೆಯಿಂದ ಯೋಜನೆಯನ್ನು ಪಾಲಿಸಿದ ಮನೆತನ ಜಿಲ್ಲೆಯಲ್ಲಿ ಇನ್ನೊಂದಿರಲಾರದು. ಅಕ್ಕನನ್ನು ನೋಡಲು ಬಂದವರು ನಮ್ಮ ಹೆಸರಿನ ಅಂದಾಜು ಸಿಗದೆ ಕಾಫಿ ಕುಡಿದು ಎದ್ದುಹೋದರು. ನನಗೆ ಬೇರೆಯೇ ಒಂದು ನೆಪವಿತ್ತು. ನಮ್ಮ ಕಡೆ ಹಲವರಲ್ಲಿ ಮನೆತನ ಸಾಗುವುದು ಹೆಣ್ಣಿನಿಂದ. ಗಂಡಸಿಗೆ ಎಷ್ಟು ಮಕ್ಕಳಾದರೂ ಅವರು ಹೆಂಡತಿಯ ಮನೆಯವರು. ಅಂದ ಮೇಲೆ ನಾನು ಯಾರ ಉಪಕಾರಕ್ಕೆ ಮದುವೆಯಾಗಲಿ ಎಂದು ಕೇಳುತ್ತಿದ್ದೆ. ಹೆಣ್ಣು ಕೊಡುವವರೂ ಅದನ್ನೇ ಕೇಳಿಕೊಂಡಿರಬೇಕು.

ಈ ಸಲದ ಮಳೆಗಾಲದಲ್ಲಿ, ಆಟಿ ತಿಂಗಳಲ್ಲಿ ಅಕ್ಕ ತೀರಿಕೊಂಡಳು. ನಿವೃತ್ತಳಾಗಿ ನನ್ನ ಜೊತೆ ಮಣಿಪಾಲದ ಬಾಡಿಗೆ ಮನೆಯಲ್ಲಿದ್ದಳು. ಎರಡು ದಿನ ಜ್ವರ, ಮೂರನೆಯ ದಿನ ಇಲ್ಲ. ಜನಸಂಖ್ಯೆ ಒಂದೇ ಏಟಿಗೆ ಅರ್ಧಕ್ಕೆ ಇಳಿಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಕೊನೆಯ ಕಟ್ಟಪುಣಿ ನಾನು ಎಂಬುದರಲ್ಲಿ ನನಗೆ ಒಂದು ಬಗೆಯ ಗತ್ತು ಬಂದಿತ್ತು. ದುಃಖದಲ್ಲಿರುವವನಿಗೂ ಏನಾದರೊಂದು ಪದವಿ ಬೇಕಾಗುತ್ತದೆ ಎಂದು ಕಾಣುತ್ತದೆ. ಹದಿಮೂರನೆಯ ದಿನದ ಊಟಕ್ಕೆ ಮೂವತ್ತು ಎಲೆ ಸಾಕೆಂದು ಹೇಳಿದ್ದೆ. ಐವತ್ತಾದರೂ ಜನ ಬರುತ್ತಲೇ ಇದ್ದರು, ಗುರುತಿಲ್ಲದ ಮುಖಗಳು. ಅಕ್ಕನಲ್ಲಿ ಕಲಿತವರಿರಬೇಕು ಎಂದುಕೊಂಡು ಪಾಯಸಕ್ಕೆ ನೀರು ಹಾಕಿಸಿ ಸುಧಾರಿಸಿದೆ. ಅವರಲ್ಲಿ ಒಬ್ಬ ಹೆಂಗಸು ಊಟವಾದ ಮೇಲೆ ಯಾರೂ ಹೇಳದೆಯೇ ದೊಡ್ಡ ದೊಡ್ಡ ಪಾತ್ರೆಗಳನ್ನೆಲ್ಲ ತಿಕ್ಕಿ ಬೋರಲು ಹಾಕಿ ಹೋದಳು.

ಅದಾಗಿ ಒಂದು ವಾರಕ್ಕೆ ಸಂಶೋಧಕರು ಬಂದರು. ಕಾಲೇಜಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು. ಉಡುಪಿಯ ಯಾವುದೋ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ 'ನಮ್ಮ ಅಪರೂಪದ ಮನೆತನಗಳು' ಎಂಬ ಲೇಖನ ಬರೆಯುತ್ತಿದ್ದರು. ನಮ್ಮ ಊರುಗಳಲ್ಲಿ ಮೂರು ಜನ ಸೇರಿದರೆ ಒಂದು ಸಂಘ, ಸಂಘವಾದರೆ ಒಂದು ಸ್ಮರಣ ಸಂಚಿಕೆ; ನಮ್ಮ ಪ್ರೆಸ್ಸು ನಡೆಯುವುದೇ ಅದರಿಂದಾದ್ದರಿಂದ ನಾನು ದೂರುವ ಹಾಗಿಲ್ಲ. ಅಕ್ಕನ ಸುದ್ದಿ ಕೇಳಿ ಅವರು ಬಹಳ ಮರುಗಿದರು. ಇನ್ನೂ ಒಂದು ತಿಂಗಳು ಮೊದಲೇ ಬರಬೇಕಿತ್ತು, ಒಂದು ಒಳ್ಳೆಯ ಆಕರ ಹೋಯಿತು ಎಂದರು. ಕೊನೆಯವನು ನಾನೊಬ್ಬನೇ ಎಂದು ನಾನು ಗಂಭೀರವಾಗಿ ಹೇಳಿದೆ. "ಛೆ, ಯಾರು ಹೇಳಿದ್ದು? ಇನ್ನೂ ಹನ್ನೊಂದು ಜನ ಇದ್ದಾರಲ್ವಾ" ಎಂದರು ಸಂಶೋಧಕರು.

ಮತದಾರರ ಪಟ್ಟಿಗಳನ್ನು ಜಾಲಾಡಿ ಅವರು ಒಂದು ನಕ್ಷೆ ಮಾಡಿದ್ದರು. ಅಜೆಕಾರಿನಲ್ಲಿ ನಾಲ್ಕು ಕಟ್ಟಪುಣಿಗಳು, ಶಿರ್ವದಲ್ಲಿ ಐದು, ಕಾಪುವಿನಲ್ಲಿ ಎರಡು. ಅಜೆಕಾರಿನವರು ವಯಸ್ಸಿನಲ್ಲಿ ದೊಡ್ಡವರು, ಕಾಪುವಿನವರು ಚಿಕ್ಕವರು. ಹಾಗಾಗಿ ಈ ಕುಲ ಘಟ್ಟದ ಬುಡದಲ್ಲಿ ಹುಟ್ಟಿ, ಕಾಳುಮೆಣಸಿನ ವ್ಯಾಪಾರದ ದಾರಿ ಹಿಡಿದು, ಶಿರ್ವದಲ್ಲಿ ಕೆಲವು ತಲೆಮಾರು ತಂಗಿ, ಕೊನೆಗೆ ಕಡಲು ಮುಟ್ಟಿತು ಎಂದು ಕೆಂಪು ಪೆನ್ಸಿಲಿನಲ್ಲಿ ಬಾಣ ಎಳೆದಿದ್ದರು. ಶಿರ್ವದ ಪಟ್ಟಿಯಲ್ಲಿ ಫೆಲಿಕ್ಸ್ ಕಟ್ಟಪುಣಿ ಎಂಬ ಹೆಸರಿತ್ತು. ಅದಕ್ಕೂ ಅವರಲ್ಲಿ ಉತ್ತರವಿತ್ತು: ಪೋರ್ಚುಗೀಸರ ಕಾಲದಲ್ಲಿ ಒಂದು ಕವಲು ಇಗರ್ಜಿಯ ಕಡೆಗೆ ಹೋಗಿದೆ. ನಾನು ಬಾಣವನ್ನೇ ನೋಡುತ್ತಿದ್ದೆ. ಅಜೆಕಾರು, ಶಿರ್ವ, ಕಾಪು. ಆ ದಾರಿ ನನಗೆ ಗೊತ್ತಿತ್ತು. ಪ್ರತಿ ಸಲವೂ ಅಕ್ಕನ ಟ್ರಂಕನ್ನು ಬಸ್ಸಿನ ಮೇಲೆ ಹತ್ತಿಸಿದವನು ನಾನೇ. ಅದು ಕಾಳುಮೆಣಸಿನ ದಾರಿಯಲ್ಲ, ಶಿಕ್ಷಣ ಇಲಾಖೆಯ ವರ್ಗಾವಣೆಯ ಆದೇಶ.

ಸಂಶೋಧಕರ ಪಟ್ಟಿಯಲ್ಲಿದ್ದ ಮೊದಲ ಹೆಸರು ಹಿಡಿದು ಮಾರನೆಯ ಭಾನುವಾರ ಅಜೆಕಾರಿಗೆ ಹೋದೆ. ಸುಮತಿ ಕಟ್ಟಪುಣಿ ಎಂಬವಳ ಮನೆ. ಬಾಗಿಲು ತೆಗೆದದ್ದು ಅವಳ ತಾಯಿ ಕಲ್ಯಾಣಿ, ನಮ್ಮ ಪಾತ್ರೆ ತಿಕ್ಕಿ ಹೋದ ಹೆಂಗಸು. ನನ್ನನ್ನು ಕಂಡು ಅವಳಿಗೆ ಆಶ್ಚರ್ಯವಾಗಲಿಲ್ಲ, ಹೆದರಿಕೆಯಾಯಿತು. ನನ್ನ ಕೈಗೆ ನೀರು ಬೆಲ್ಲ ಕೊಟ್ಟು, ಬೀಡಿ ಎಲೆಯ ಮೊರವನ್ನು ಬದಿಗೆ ಸರಿಸಿ ಕೂತು ನಿಧಾನವಾಗಿ ಹೇಳಿದಳು. ಸುಮತಿಯನ್ನು ಶಾಲೆಗೆ ಕರೆದುಕೊಂಡು ಹೋದ ದಿನ ಟೀಚರ್ ಅಪ್ಪನ ಹೆಸರು ಕೇಳಿದರಂತೆ. ಕಲ್ಯಾಣಿ ನೆಲ ನೋಡಿದಳಂತೆ. ಟೀಚರ್ ಪೆನ್ನಿನ ಮುಚ್ಚಳ ತೆಗೆದರಂತೆ.

"'ನಮ್ಮ ಮನೆತನದಲ್ಲಿ ಜಾಗ ಬೇಕಾದಷ್ಟು ಉಂಟು, ಇರುವುದೇ ಇಬ್ಬರು' ಅಂದರು, ಅಣ್ಣಾ. ಬರೆದೇಬಿಟ್ಟರು. ಟೀಚರದ್ದೇ ಹೆಸರು ಅಲ್ವಾ, ಮತ್ತೆ ಶಾಲೆಯಲ್ಲಿ ಮಗುವಿಗೆ ಯಾರು ಎಂತ ಹೇಳ್ತಾರೆ?"

ಹೀಗೆ ಎಷ್ಟು ಮಕ್ಕಳಿಗೆ ಎಂದು ಅವಳಿಗೂ ಗೊತ್ತಿರಲಿಲ್ಲ. ಈಗ ಅವಳ ಚಿಂತೆ ಬೇರೆ. ಸುಮತಿಗೆ ಕಾಪುವಿನ ಒಬ್ಬ ರೇಡಿಯೋ ರಿಪೇರಿ ಹುಡುಗನ ಜೊತೆ ಮಾತು ನಡೆದಿತ್ತು. ಹುಡುಗನಿಗೆ ಎಲ್ಲ ಗೊತ್ತು, ಅವನಿಗೆ ತೊಂದರೆಯಿಲ್ಲ. ಆದರೆ ಆ ಮನೆಯಲ್ಲಿ ಮಾತು ನಡೆಯುವುದು ಅವನ ಸೋದರಮಾವನದ್ದು, ಅವರು ಮನೆತನ ನೋಡುವವರು. ಅಷ್ಟರಲ್ಲಿ ಕನ್ನಡಕದ ಮುದುಕರೊಬ್ಬರು ಬಂದು ಅಪ್ಪ ಯಾರು, ಅಜ್ಜ ಯಾರು ಎಂದು ಕೇಳಿ ಬರೆದುಕೊಳ್ಳಲು ನೋಡಿದ್ದರು, ಮತ್ತೆ ಬರುತ್ತೇನೆಂದು ಹೇಳಿಹೋಗಿದ್ದರು. ಪುಸ್ತಕದಲ್ಲಿ ಅಚ್ಚಾದರೆ ಮದುವೆ ನಿಲ್ಲುತ್ತದೆ ಎಂದಳು ಕಲ್ಯಾಣಿ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಕ್ಕನ ಮೇಲೆ ಸಿಟ್ಟು ಬಂತು. ತಂಬುಳಿಗೆ ಉಪ್ಪು ಹೆಚ್ಚಾದದ್ದನ್ನೂ ನನಗೆ ಹೇಳುತ್ತಿದ್ದವಳು ಹನ್ನೊಂದು ಜನರ ವಿಷಯ ಹೇಳಿರಲಿಲ್ಲ. ಹೇಳಿದ್ದರೆ ನಾನು ಬಸ್ಸಿನಲ್ಲಿ ಯಾರ ಹತ್ತಿರವಾದರೂ ಬಾಯಿ ಬಿಡುತ್ತಿದ್ದೆನೇನೋ. ಅವಳಿಗೆ ನನ್ನ ಬಗ್ಗೆ ಸರಿಯಾದ ಅಂದಾಜಿತ್ತು.

ಸೋಮವಾರ ಸಂಜೆ ಸಂಶೋಧಕರ ಮನೆಗೆ ಹೋದೆ. ಎಂಟನೆಯ ಕ್ಲಾಸಿನ ಬಂಡವಾಳದಲ್ಲಿ ಇತಿಹಾಸ ರಚಿಸುವುದು ಕಷ್ಟವೆಂದು ತಿಳಿದಿದ್ದೆ, ಹಾಗೇನಿಲ್ಲ. ಹಿಂದೆ ಇಬ್ಬರು ಅರಸರು ಗಡಿಗಾಗಿ ಕಾದಾಡುತ್ತಿದ್ದರು, ನಮ್ಮ ಹಿರಿಯರು ಇಬ್ಬರ ನಡುವಿನ ಪುಣಿಯ ಮೇಲೆ ನಿಂತು ಕಾದಾಟ ನಿಲ್ಲಿಸಿದರು, ಅದಕ್ಕೆ ಇಬ್ಬರೂ ಸೇರಿ ಕೊಟ್ಟ ಬಿರುದು ಇದು ಎಂದೆ. ಶಾಸನ ಉಂಟೇ ಎಂದು ಕೇಳಿದರು. ಇತ್ತು, ಬಟ್ಟೆ ಒಗೆಯುವ ಕಲ್ಲಾಗಿ ಸವೆದುಹೋಯಿತು ಎಂದೆ. ಅವರು ತಕ್ಷಣ ನಂಬಿದರು. ನಮ್ಮ ಜಿಲ್ಲೆಯ ಮುಕ್ಕಾಲು ಚರಿತ್ರೆ ಹೋದದ್ದು ಆ ದಾರಿಯಲ್ಲೇ. ಕೊನೆಗೆ ಮುಖ್ಯ ವಿಷಯಕ್ಕೆ ಬಂದೆ. ಕಟ್ಟಪುಣಿಗಳಲ್ಲಿ ತಂದೆಯ ಹೆಸರು ಹೇಳುವ ಕ್ರಮವಿಲ್ಲ, ಎಲ್ಲವೂ ತಾಯಿಯ ಕಡೆಯಿಂದ, ತಂದೆಯ ಹೆಸರು ಕೇಳಿದರೆ ಅದನ್ನು ಅವಮಾನವೆಂದು ತಿಳಿಯುತ್ತಾರೆ ಎಂದೆ. ಸಂಶೋಧಕರು ತಾವು ಅಜೆಕಾರಿನಲ್ಲಿ ಎಂಥ ತಪ್ಪು ಮಾಡಿದೆವೆಂದು ನೊಂದುಕೊಂಡು, ಅಪ್ಪಂದಿರಿಗಾಗಿ ಗೆರೆ ಎಳೆದಿದ್ದ ಕಾಲಮ್ಮನ್ನೇ ಉದ್ದಕ್ಕೆ ಹೊಡೆದುಹಾಕಿದರು. ನಾನು ಎದ್ದು ಹೊರಡುವಾಗ, ಇಷ್ಟು ದೊಡ್ಡ ಮನೆತನದವರು ಬೈಂಡಿಂಗ್ ಮಾಡಿಕೊಂಡಿರುವುದು ಕಾಲದ ಮಹಿಮೆ ಎಂದು ಉಸಿರುಬಿಟ್ಟರು. ಆ ಸಂಚಿಕೆ ನಮ್ಮ ಪ್ರೆಸ್ಸಿಗೇ ಬಂತು. ನನ್ನ ಸುಳ್ಳಿಗೆ ನಾನೇ ಹೊಲಿಗೆ ಹಾಕಿದೆ. ಗಟ್ಟಿಯಾಗಿಯೇ ಹಾಕಿದೆ.

ದೀಪಾವಳಿ ಕಳೆದ ಮೇಲೆ ಸುಮತಿ ಬಂದಳು. ಬಾಗಿಲಲ್ಲೇ ನಿಂತು, ಹುಡುಗನ ಮನೆಯಲ್ಲಿ ನಡೆಯುವ ನಿಶ್ಚಿತಾರ್ಥಕ್ಕೆ ಹೆಣ್ಣಿನ ಕಡೆಯಿಂದ ಸೋದರಮಾವ ಇರಬೇಕಂತೆ ಎಂದಳು. ಮತ್ತೆ, "ನೀವು ಬರ್ತೀರಾ ಮಾಮ?" ಎಂದಳು. ಯೋಚಿಸಿ ನೋಡಿದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಮನೆತನ ಹೆಣ್ಣಿನಿಂದ ಸಾಗುತ್ತದೆ, ಅಕ್ಕನಿಂದ ಸಾಗಿದೆ, ಅಕ್ಕನ ತಮ್ಮ ಸೋದರಮಾವನಲ್ಲದೆ ಇನ್ನೇನು? ಮದುವೆಯ ಗೋಜಿಲ್ಲದೆ, ಒಂದು ದಿನ ತೊಟ್ಟಿಲು ತೂಗದೆ, ನಾನು ಹನ್ನೊಂದು ಜನರ ಮಾವನಾಗಿದ್ದೆ. ಇಸ್ತ್ರಿ ಮಾಡಿದ ಪಂಚೆಯುಟ್ಟು ಕಾಪುವಿಗೆ ಹೋದೆ.

ಹುಡುಗನ ಸೋದರಮಾವ ಚಾವಡಿಯಲ್ಲಿ ಕಾಯುತ್ತಿದ್ದರು. ಮಡಿಲಲ್ಲಿ ಸ್ಮರಣ ಸಂಚಿಕೆ. ಅರಸರ ಕಥೆ, ಪುಣಿಯ ಕಥೆ, ಒಗೆಯುವ ಕಲ್ಲಿನ ಕಥೆ, ಕೇಳಿದ್ದಕ್ಕೆಲ್ಲ ನಾನು ತಡವರಿಸದೆ ಹೇಳಿದೆ. ತಮ್ಮ ಅಜ್ಜನ ಕಾಲದಲ್ಲಿ ಕಟ್ಟಪುಣಿಯವರು ಆನೆ ಸಾಕಿದ್ದರೆಂದು ಕೇಳಿದ ನೆನಪು ಎಂದು ಅವರೂ ಒಂದನ್ನು ಸೇರಿಸಿದರು. ಇರಬಹುದು ಎಂದೆ. ವೀಳ್ಯದ ತಟ್ಟೆ ಬಂತು. ಅವರು ತಟ್ಟೆಯನ್ನು ನನ್ನ ಕಡೆಗೆ ಸರಿಸುವ ಮೊದಲು ಪುಸ್ತಕದ ಮೇಲೆ ಬೆರಳಿಟ್ಟು ಒಂದು ಮಾತು ಕೇಳಿದರು.

"ಎಲ್ಲ ಬರೆದಿದ್ದಾರೆ, ಮೂಲಪುರುಷ ಯಾರೆಂದು ಮಾತ್ರ ಇಲ್ಲವಲ್ಲ?"

ಅದನ್ನು ನಾನು ಕಲ್ಪಿಸಿಕೊಂಡು ಬಂದಿರಲಿಲ್ಲ. ಒಬ್ಬ ವೀರನ ಹೆಸರು ಹೇಳಿದ್ದರೆ ಸಾಕಿತ್ತು, ಹೊಳೆಯಲಿಲ್ಲ.

"ಪುರುಷ ಅಲ್ಲ, ಹೆಂಗಸು" ಎಂದೆ. "ವಾರಿಜ ಅಂತ."

ಆ ಹೆಸರನ್ನು ಬಾಯಿಬಿಟ್ಟು ಹೇಳದೆ ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಯಾರನ್ನು ಕರೆಯಲಿ? ಹೆಣ ಎತ್ತುವಾಗ ಬಾರದ್ದು, ಹದಿಮೂರು ದಿನದಲ್ಲಿ ಬಾರದ್ದು ಆಗ ಬಂತು. ಅಷ್ಟು ಜನರ ನಡುವೆ, ಇಸ್ತ್ರಿ ಪಂಚೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ನಿಲ್ಲಿಸಲು ನೋಡಿದೆ, ಆಗಲಿಲ್ಲ. ಸುಮತಿ ಒಳಗಿನಿಂದ ಬಂದು ನನ್ನ ಪಕ್ಕದಲ್ಲಿ ಕೂತಳು. ಮಾತು ಕೆಟ್ಟಿತು, ಮದುವೆ ಹೋಯಿತು ಎಂದುಕೊಂಡೆ.

ಹುಡುಗನ ಮಾವ ಕಣ್ಣೊರೆಸಿಕೊಳ್ಳುತ್ತಿದ್ದರು. ತಮ್ಮ ಕಡೆಯವರತ್ತ ತಿರುಗಿ, "ನೋಡಿ, ಇನ್ನೂರು ಮುನ್ನೂರು ವರ್ಷದ ಹಿಂದಿನವರ ಹೆಸರೆತ್ತಿದರೆ ಹೀಗೆ ಅಳುವ ಜನ ಉಂಟಾ ಈಗ? ಮನೆತನ ಅಂದರೆ ಇದು" ಎಂದು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು.

ಈಗ ಆ ಕಡೆಯಲ್ಲೆಲ್ಲ ಕಟ್ಟಪುಣಿಯವರು ಹಿರಿಯರನ್ನು ನೆನೆದು ಅಳುವವರೆಂದು ಹೆಸರಾಗಿದೆಯಂತೆ. ಸಂಶೋಧಕರು ಇದನ್ನು ನಮ್ಮ ಕುಲದ ಒಂದು ಆಚಾರವೆಂದು ಗುರುತು ಹಾಕಿಕೊಂಡಿದ್ದಾರೆ. ಬರುವ ತಿಂಗಳು ಶಿರ್ವದಲ್ಲಿ ಫೆಲಿಕ್ಸನ ಮದುವೆ, ಮಾವ ಬರಲೇಬೇಕೆಂದು ಹೇಳಿ ಕಳಿಸಿದ್ದಾನೆ. ಅಲ್ಲಿಯೂ ಹಿರಿಯರು ಯಾರಾದರೂ ಮೂಲವನ್ನು ಕೇಳಿಯೇ ಕೇಳುತ್ತಾರೆ, ನಾನು ಹೇಳಬೇಕು, ಹೇಳಿದ ಮೇಲೆ ಆಚಾರದ ಪ್ರಕಾರ ಅಳಬೇಕು. ಕಥೆಯನ್ನು ಇನ್ನೊಮ್ಮೆ ಓದಿಕೊಂಡು ಹೋಗಬೇಕೆಂದಿದ್ದೇನೆ. ಅಳುವುದಕ್ಕೆ ತಯಾರಿ ಬೇಕಾಗಲಾರದು.