ಏನು ಕೇಳಿದರೂ ನಅಂ

"ಅಂಗಡಿಗೆ ಕೊಡುವುದೆಂತಕ್ಕೆ? ಹಳೆ ವಿಂಡೋಸ್ ತಾನೇ, ನಾನೇ ಹಾಕ್ತೇನೆ. ಮಧ್ಯಾಹ್ನದ ಊಟದೊಳಗೆ ಮುಗೀತದೆ."

ಇಮ್ತಿಯಾಝ್ ಹೀಗೆ ಘೋಷಿಸಿದ ಮೇಲೆ ಪಾಣೆಮಂಗಳೂರಿನ ಆ ಮನೆಯಲ್ಲಿ ಎದುರು ಮಾತು ಹುಟ್ಟುವಂತಿರಲಿಲ್ಲ. ದಮ್ಮಾಮಿನ ಕಂಪ್ಯೂಟರ್ ಕಂಪನಿಯಲ್ಲಿ ಎಂಟು ವರ್ಷ ಇದ್ದು ಬಂದವನಿಗೆ ಯಾರು ತಾನೇ ಬುದ್ಧಿ ಹೇಳಿಯಾರು?

ಹೆಂಡತಿ ನುಸ್ರತ್ ಮಾತ್ರ ಬುರ್ಖಾದ ಗುಂಡಿ ಹಾಕಿಕೊಳ್ಳುತ್ತಾ, "ಬಿ.ಸಿ. ರೋಡಿನ ಅಂಗಡಿಯವರು ಒಂದು ದಿನ ಸಾಕು ಅಂತ ಹೇಳಿದ್ದಾರೆ. ಕಾಯುವ. ಭಾನುವಾರ ಆಫ್ರಾಳ ಮದುವೆ, ದುಪಟ್ಟಾದ ಅಂಚು ಇನ್ನೂ ಆಗಬೇಕಷ್ಟೆ," ಎಂದಳು.

"ನಿನಗೆ ನನ್ನ ಮೇಲೆ ನಂಬಿಕೆ ಇಲ್ಲವಾ?"

ನುಸ್ರತ್ ಕೊನೆಯ ಗುಂಡಿ ಹಾಕಿಕೊಂಡಳು. "ಉಂಟು ಮಾರಾಯ್ರೆ. ಮೆಷಿನ್ ಒಂದು ಮುಟ್ಟಬೇಡಿ," ಎಂದು ಹೇಳಿ, ವಿಟ್ಲದ ಗಿರಾಕಿಗೆ ತಲುಪಿಸಬೇಕಾದ ರವಕೆಗಳ ಚೀಲ ಹಿಡಿದು ಬಸ್ಸಿಗೆ ಹೊರಟಳು.

ನುಸ್ರತಳದು ಕಂಪ್ಯೂಟರ್ ಕಸೂತಿ. ಲ್ಯಾಪ್‌ಟಾಪಿನಲ್ಲಿ ಅವಳು ಬಿಡಿಸಿದ ಹೂವನ್ನೂ ಬಳ್ಳಿಯನ್ನೂ ಮೂಲೆಯ ಮೆಷಿನ್ ಬಟ್ಟೆಯ ಮೇಲೆ ಹೊಲಿದು ಕೊಡುತ್ತದೆ. ಕಳೆದ ವಾರ ಲ್ಯಾಪ್‌ಟಾಪಿನ ಪರದೆಯಲ್ಲಿ, ಹೊಸ ವಿಂಡೋಸ್ ಹಾಕಲೇ ಎಂದು ಒಂದು ಪ್ರಶ್ನೆ ಮೂಡಿತ್ತು. ಆಗ ಅದರ ಮುಂದೆ ಸುಮ್ಮನೆ ಕುಳಿತಿದ್ದ ಇಮ್ತಿಯಾಝ್, ಕೇಳುವಷ್ಟು ಮರ್ಯಾದೆ ತೋರಿಸಿದ್ದಕ್ಕಾದರೂ ಬೇಡ ಎನ್ನಬಾರದೆಂದು ಹೌದು ಒತ್ತಿದ್ದ. ಮರುದಿನದಿಂದ ಕಸೂತಿಯ ಸಾಫ್ಟ್‌ವೇರ್ ಬಾಯಿ ಬಿಡಲಿಲ್ಲ. ಅದು ಹಳೆಯ ಕಾಲದ್ದು, ಹಳೆಯ ವಿಂಡೋಸ್ ಬಿಟ್ಟು ಬೇರೆಯವರ ಪರಿಚಯ ಅದಕ್ಕಿರಲಿಲ್ಲ.

ಈಗ ಇಮ್ತಿಯಾಝನ ಕಂಪ್ಯೂಟರ್ ವಿದ್ಯೆಯ ವಿಚಾರ. ಅವನಿದ್ದದ್ದು ಕಂಪ್ಯೂಟರ್ ಕಂಪನಿಯಲ್ಲೇ, ಅದರಲ್ಲಿ ಎರಡು ಮಾತಿಲ್ಲ. ಅದರ ಪ್ಯಾಂಟ್ರಿಯಲ್ಲಿ. ಇಂಜಿನಿಯರುಗಳಿಗೆ ಹಾಲಿಲ್ಲದ ಸುಲೈಮಾನಿ, ಮ್ಯಾನೇಜರಿಗೆ ಏಲಕ್ಕಿ ಚಹಾ, ಮೀಟಿಂಗ್ ಇದ್ದರೆ ಖರ್ಜೂರ. ಗಲ್ಫಿನಿಂದ ಬಂದವನನ್ನು ಊರಿನವರು ಕಂಪನಿ ಯಾವುದು ಎಂದು ಕೇಳುತ್ತಾರೆಯೇ ಹೊರತು ಅಲ್ಲಿ ನಿನಗೆ ಎಂತ ಕೆಲಸ ಎಂದು ಕೇಳುವುದಿಲ್ಲ. ಬರುವಾಗ ಕಂಪನಿ ತನಗೆ ಬೇಡವಾದ ಈ ದಪ್ಪ ಲ್ಯಾಪ್‌ಟಾಪನ್ನು, ಅದರ ವಿಂಡೋಸ್ ಸಿ.ಡಿ. ಸಮೇತ, ಅವನ ಕೈಗಿತ್ತಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಕಾಲಿಟ್ಟ ಮಗನನ್ನು ನೋಡಿ ತಾಯಿ ಆಸ್ಯಮ್ಮ, "ನನ್ನ ಮೋನೆ ಕಂಪ್ಯೂಟರಿನವ," ಎಂದು ಇಡೀ ಕೇರಿಗೆ ಸಾರಿಬಿಟ್ಟರು. ತಿದ್ದಲು ಅವನಿಗೆ ಸಂದರ್ಭ ಸಿಗಲಿಲ್ಲ. ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟ ಮೇಲೂ ಅವನು ಆ ಸಂದರ್ಭವನ್ನು ಹುಡುಕಿಕೊಂಡು ಹೋಗಲಿಲ್ಲ.

ಹಳೆಯ ಸಿ.ಡಿ.ಯನ್ನು ಲುಂಗಿಯ ಅಂಚಿನಿಂದ ಒರೆಸಿ, ಬಿಸ್ಮಿ ಹೇಳಿ, ಲ್ಯಾಪ್‌ಟಾಪಿನ ಹೊಟ್ಟೆಗೆ ತುರುಕಿದ. ಅದು ಗೊರಗೊರ ಸದ್ದು ಮಾಡಿತು. ಪರದೆ ನೀಲಿಯಾಯಿತು. ಆಮೇಲೆ ಅಕ್ಷರಗಳು ಬಂದವು, ಬಲದಿಂದ ಎಡಕ್ಕೆ. ಸೌದಿಯ ಸಿ.ಡಿ.ಯಲ್ಲವೇ, ಅಪ್ಪಟ ಅರಬಿ.

ಇಮ್ತಿಯಾಝ್ ಧೈರ್ಯಗೆಡಲಿಲ್ಲ. ಮದ್ರಸದಲ್ಲಿ ಉಸ್ತಾದರ ಬೆತ್ತದ ಕೆಳಗೆ ಕಲಿತ ಅಕ್ಷರಗಳು ಮರೆತುಹೋಗುವಂಥವಲ್ಲ. ಅರ್ಥ ಗೊತ್ತಿಲ್ಲದಿದ್ದರೇನು, ಓದಲು ಬರುತ್ತದಲ್ಲ. ಆದರೆ ಮದ್ರಸದ ಕಿತಾಬಿನಲ್ಲಿ ಅಕ್ಷರಗಳ ಮೇಲೆ ಕೆಳಗೆ ಉಚ್ಚಾರಕ್ಕೆಂದು ಪುಟ್ಟ ಗೆರೆಗಳಿರುತ್ತವೆ. ಇಲ್ಲಿ ಅಕ್ಷರಗಳು ಬೋಳುಬೋಳಾಗಿ ನಿಂತಿದ್ದವು. ಅವನು ತೋಚಿದ ಸ್ವರ ಸೇರಿಸಿ, ಗಟ್ಟಿಯಾಗಿ, ಎಳೆದೆಳೆದು ಓದತೊಡಗಿದ.

ಜಗಲಿಯಲ್ಲಿ ಆಸ್ಯಮ್ಮ ನೆರೆಮನೆಯ ವಾರಿಜಾಕ್ಷಿಯ ಜೊತೆ ಬೀಡಿ ಕಟ್ಟುತ್ತಿದ್ದರು. ಮಗನ ಸ್ವರ ಕೇಳಿದ್ದೇ ತಲೆವಸ್ತ್ರ ಸರಿಯಾಗಿ ಎಳೆದುಕೊಂಡರು.

"ಇವತ್ತು ಎಂತ ವಿಶೇಷ ಆಸ್ಯಮ್ಮ?"

"ಮೋನೆ ಕುರ್‌ಆನ್ ಓದುತ್ತಿದ್ದಾನೆ. ಸ್ವಲ್ಪ ಮೆಲ್ಲ ಮಾತಾಡು."

ವಾರಿಜಾಕ್ಷಿಯೂ ಸೆರಗು ಹೊದ್ದು, ಕತ್ತರಿಯ ಸದ್ದು ಕೇಳಿಸದಂತೆ ಎಲೆ ಕತ್ತರಿಸತೊಡಗಿದಳು.

ಒಳಗೆ ಪರದೆಯ ಮೇಲೆ ಒಂದು ಚೌಕ ಮೂಡಿತು. ಅದರಲ್ಲಿ ಎರಡು ಗುಂಡಿಗಳು. ಒಂದರಲ್ಲಿ ನಅಂ, ಇನ್ನೊಂದರಲ್ಲಿ ಲಾ. ಹೌದು ಮತ್ತು ಇಲ್ಲ. ಇಮ್ತಿಯಾಝನಿಗೆ ನಿರಾಳವಾಯಿತು. ಚಹಾಕ್ಕೆ ಸಕ್ಕರೆ ಹಾಕಿದ್ದೀಯಾ ಎಂದರೆ ನಅಂ, ಶುಕ್ರವಾರವೂ ಬರುತ್ತೀಯಾ ಎಂದರೆ ನಅಂ, ನಿನಗೆ ತಲೆ ಸರಿ ಇಲ್ಲವಾ ಎಂದರೆ ಅದಕ್ಕೂ ನಅಂ. ಅವನ ವೀಸಾವನ್ನು ಎಂಟು ವರ್ಷ ಬದುಕಿಸಿದ ಪದ ಅದು. ಲಾ ಎಂಬುದು ಅವನ ಬಾಯಿಯಿಂದ ಒಮ್ಮೆಯೂ ಹೊರಟದ್ದಿಲ್ಲ.

ನಅಂ ಒತ್ತಿದ. ಇನ್ನೊಂದು ಚೌಕ. ನಅಂ. ಮತ್ತೊಂದು ಬಂತು, ಹಳದಿ ತ್ರಿಕೋನದೊಳಗೆ ಕೋಲು ನಿಲ್ಲಿಸಿದ ಚಿತ್ರ, ಪಕ್ಕದಲ್ಲಿ ಉದ್ದನೆಯ ಬರಹ. ಇಷ್ಟು ವಿವರವಾಗಿ ಕೇಳುವವರು ಸಜ್ಜನರೇ ಇರಬೇಕೆಂದು ಅದಕ್ಕೂ ನಅಂ ಒತ್ತಿ, ಕಾಲು ಚಾಚಿ ಕುಳಿತ.

ಅಷ್ಟರಲ್ಲಿ ಆಫ್ರಾ ಬಂದಳು. ಮೂಡಬಿದಿರೆಯಲ್ಲಿರುವ ಅಕ್ಕನ ಮಗಳು, ಭಾನುವಾರದ ಮದುಮಗಳು, ಹುಡುಗಿಯರ ಅರಬಿ ಕಾಲೇಜಿನಲ್ಲಿ ಓದು ಮುಗಿಸಿದವಳು. ದುಪಟ್ಟಾ ಎಲ್ಲಿಗೆ ಬಂತೆಂದು ನೋಡಲು ಬಂದವಳು ಮಾಮನ ಹೆಗಲ ಮೇಲಿನಿಂದ ಪರದೆಗೆ ಇಣುಕಿದಳು. ಅವಳ ನಗು ಅಲ್ಲೇ ನಿಂತಿತು.

"ಮಾಮ, ಇದು ಕೇಳಿದ್ದಕ್ಕೆ ನೀವು ಎಂತ ಒತ್ತಿದ್ದು?"

"ನಅಂ."

"ಎಲ್ಲದಕ್ಕೂ?"

"ಎಲ್ಲದಕ್ಕೂ. ಯಾಕೆ?"

"ನಿಮ್ಮ ಒಪ್ಪಿಗೆಯ ಹಾಗೆ ಹಳೆಯದೆಲ್ಲ ಅಳಿಸಿ ಆಯ್ತು ಅಂತ ಬರೆದುಂಟು." ಅವಳು ಮೆಲ್ಲಗೆ ಕೇಳಿದಳು. "ಮಾಮಿಯ ಡಿಸೈನು ಇದರಲ್ಲೇ ಇದ್ದದ್ದಲ್ವಾ? ನನ್ನ ದುಪಟ್ಟಾದ್ದು?"

ಇಮ್ತಿಯಾಝ್ ಚಾಚಿದ್ದ ಕಾಲನ್ನು ಒಳಗೆಳೆದುಕೊಂಡ.

"ನಿಮಗೆ ಅರಬಿ ಗೊತ್ತುಂಟಲ್ಲ ಮಾಮ?"

"ಓದಲಿಕ್ಕೆ ಬರ್ತದೆ," ಎಂದ ಅವನು.

ಅಡುಗೆ ಮುಗಿದು ಮನೆ ತಣ್ಣಗಾಗುವ ಹೊತ್ತಿಗೆ ನುಸ್ರತ್ ಈ ಲ್ಯಾಪ್‌ಟಾಪಿನ ಮುಂದೆ ಕೂರುವುದನ್ನು ಅವನು ದಿನವೂ ನೋಡಿದ್ದ. ಒಂದು ಬಳ್ಳಿಯ ಕುಡಿ ಎತ್ತ ಬಾಗಬೇಕೆಂದು ಅವಳು ಬಿಡಿಸಿ, ಅಳಿಸಿ, ತಲೆ ವಾಲಿಸಿ ನೋಡಿ, ಮತ್ತೆ ಬಿಡಿಸುತ್ತಿದ್ದಳು. ಆ ಮಧ್ಯಾಹ್ನಗಳೆಲ್ಲ ಒಂದು ಬೆರಳಿನ ಕೆಳಗೆ ಹೋದವು. ಇದಕ್ಕಿಂತ ದಮ್ಮಾಮಿನ ಮ್ಯಾನೇಜರನ ಬೈಗುಳವೇ ಹಿತವಾಗಿತ್ತು ಅನಿಸಿತು ಅವನಿಗೆ.

ಗೇಟಿನ ಸದ್ದಾಯಿತು. ವಿಟ್ಲದ ಬಸ್ಸು ಎಂದೂ ಇಷ್ಟು ಬೇಗ ಬಂದದ್ದಿಲ್ಲ. ತೋಚದೆ ಅಡುಗೆಮನೆಗೆ ನುಗ್ಗಿದ ಇಮ್ತಿಯಾಝ್, ತನ್ನ ಕೈಗಳಿಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ಚಹಾ ಇಟ್ಟ.

ಅಂಚಿನವರೆಗೆ ತುಂಬಿದ ಗ್ಲಾಸುಗಳ ತಟ್ಟೆಯನ್ನು ಒಂದೇ ಅಂಗೈಯಲ್ಲಿ ಹೊತ್ತು ಅವನು ಹೊಸ್ತಿಲು ದಾಟಿದ. ಜಗಲಿಯಲ್ಲಿ ಉಮ್ಮ ಆಸ್ಯಮ್ಮ ಚಾಚಿದ್ದ ಕಾಲನ್ನೂ ವಾರಿಜಾಕ್ಷಿಯ ಬೀಡಿಯ ಗೆರಸೆಯನ್ನೂ ದಾಟಿ ಅವರಿಬ್ಬರಿಗೂ ಕೊಟ್ಟ. ಒಳಗೆ ಬಂದು ಆಫ್ರಾಳಿಗೂ ನುಸ್ರತಳಿಗೂ ಕೊಟ್ಟ. ಒಂದು ಹನಿ ಚೆಲ್ಲಲಿಲ್ಲ.

"ನುಸ್ರತ್, ಎಲ್ಲ ಹೋಯ್ತು. ನಾನೇ ಅಳಿಸಿದ್ದು."

ನುಸ್ರತ್ ಒಂದು ಗುಟುಕು ಕುಡಿದಳು. ಎದ್ದು ಹೋಗಿ, ಕಸೂತಿ ಮೆಷಿನ್ನಿನ ಪಕ್ಕೆಯಿಂದ ಗುಲಾಬಿ ನೂಲು ಕಟ್ಟಿದ್ದ ಪೆನ್‌ಡ್ರೈವ್ ಕಿತ್ತು ತಂದು ಅವನ ಅಂಗೈಯಲ್ಲಿಟ್ಟಳು.

"ಎಲ್ಲ ಇದರಲ್ಲುಂಟು. ಮೆಷಿನ್‌ಗೆ ಡಿಸೈನ್ ಹೋಗುವುದೇ ಇದರಿಂದ. ದಿನಾ ನೋಡ್ತೀರಲ್ಲ?"

ದಿನಾ ನೋಡಿದ್ದ. ಗುಲಾಬಿ ನೂಲನ್ನು ನೋಡಿದ್ದ.

"ಮತ್ತೆ ಬೆಳಿಗ್ಗೆಯೇ ಹೇಳಬಹುದಿತ್ತು."

"ಮೆಷಿನ್ ಮುಟ್ಟಬೇಡಿ ಅಂತ ಹೇಳಿದೆನಲ್ಲ."

"ಅಂದರೆ, ನಾನು ಹೀಗೆ ಮಾಡ್ತೇನೆ ಅಂತ ನಿನಗೆ..."

ನುಸ್ರತ್ ಜಗಲಿಯ ಕಡೆ ನೋಡಿ ಸ್ವರ ತಗ್ಗಿಸಿದಳು. "ತುಂಬಿದ ಗ್ಲಾಸುಗಳನ್ನು ಒಂದು ಕೈಯಲ್ಲಿ ಹೀಗೆ ಹೊತ್ತು ತರುವ ಇಂಜಿನಿಯರನ್ನು ನಾನಂತೂ ನೋಡಲಿಲ್ಲ ಮಾರಾಯ್ರೆ. ನೀವು ಊರಿಗೆ ಬಂದ ವಾರವೇ ಗೊತ್ತಾಗಿದೆ ನನಗೆ."

ಆಫ್ರಾ ಗ್ಲಾಸಿನೊಳಗೆ ಮುಖವಿಟ್ಟು ಕೆಮ್ಮಿದಳು. ಇಮ್ತಿಯಾಝ್ ನೆಲ ನೋಡಿದ. ಇಷ್ಟು ವರ್ಷ ಅವನು ಜೋಪಾನ ಮಾಡಿದ್ದ ಗುಟ್ಟನ್ನು ಅವನಿಗಿಂತ ಜೋಪಾನವಾಗಿ ಅವಳು ಇಟ್ಟುಕೊಂಡಿದ್ದಳು.

"ಉಮ್ಮನಿಗೆ?" ಎಂದ, ಉಸಿರಿನಲ್ಲಿ.

ಉತ್ತರ ಜಗಲಿಯಿಂದಲೇ ಬಂತು. ಆಸ್ಯಮ್ಮ ವಾರಿಜಾಕ್ಷಿಗೆ ಹೇಳುತ್ತಿದ್ದರು, "ಕಂಪ್ಯೂಟರ್ ಕಲಿತವನಾದರೂ ನೋಡು, ಎಷ್ಟು ಚಂದ ಚಹಾ ಮಾಡ್ತಾನೆ ನನ್ನ ಮೋನೆ."

ಲ್ಯಾಪ್‌ಟಾಪ್ ಟಿಣ್ ಎಂದಿತು. ಹೊಸ ಚೌಕ, ಅದೇ ಎರಡು ಗುಂಡಿಗಳು. ಇಮ್ತಿಯಾಝನ ಬೆರಳು ತನ್ನಿಂತಾನೇ ಮುಂದೆ ಹೋಯಿತು. ನುಸ್ರತ್ ಅದನ್ನು ಹಿಡಿದು ಪಕ್ಕಕ್ಕಿಟ್ಟು, ಲ್ಯಾಪ್‌ಟಾಪಿನ ಮುಚ್ಚಳ ಹಾಕಿದಳು.

"ಇನ್ನು ಅದು ಎಂತ ಕೇಳಿದರೂ ಲಾ. ನಾಳೆ ಬಿ.ಸಿ. ರೋಡಿಗೆ ಕೊಡುವ. ಈಗ ನನಗೆ ಇನ್ನೊಂದು ಗ್ಲಾಸ್ ಚಹಾ ಸಿಗ್ತದಾ?"

ಇಮ್ತಿಯಾಝ್ ಖಾಲಿ ತಟ್ಟೆ ಎತ್ತಿಕೊಂಡ.

"ನಅಂ," ಎಂದ.