ಟೇಪಿಗೆ ಸಿಕ್ಕದ ಹೊಟ್ಟೆಗಳು

ಸಕ್ಕರೆ, ಬಿಪಿ ನೋಡೋ ನರ್ಸಾಗಿ ನಮ್ಮ ಕಡೆಯ ನಾಲ್ಕು ತಾಲ್ಲೂಕೂ ಸುತ್ತಿದ್ದೀನಿ. ಇವತ್ತು ನಗಲೇಬಾರದು ಅಂತ ಹೊರಟ ದಿನಾನೇ ಯಾರಾದರೊಬ್ಬರು ಗಂಟು ಬೀಳ್ತಾರೆ. ಬಿಪಿಗೆ ತೋಳು ಚಾಚೋ ಗಂಡಸರು, ಸೊಂಟದ ಸುತ್ತಳತೆ ಅಂತ ಟೇಪು ತೆಗೆದರೆ ಮಾತ್ರ ಜಮೀನು ಅಳೆಯೋಕೆ ಸರ್ವೆಯರ್ ಬಂದ ಹಾಗೆ ಆಡ್ತಾರೆ. ಚರ್ಮದ ಕೆಳಗಿನ ಕೊಬ್ಬು ಅಷ್ಟೊಂದು ತಂಟೆ ಮಾಡಲ್ಲ ಕಣಪ್ಪ, ಲಿವರು, ಕರುಳಿನ ಸುತ್ತ ಸೇರಿಕೊಂಡದ್ದು ಒಳಗೊಳಗೇ ಉರಿಯೂತ ಎಬ್ಬಿಸಿ, ಸಕ್ಕರೆ ಏರಿಸಿ, ರಕ್ತನಾಳ ಕೆಡಿಸಿ, ಕೊನೆಗೆ ಹೃದಯದ ಬುಡಕ್ಕೇ ಬರುತ್ತೆ ಅಂತ ಬಾಯಿ ನೋಯೋವರೆಗೂ ಹೇಳ್ತೀನಿ. ಎಲ್ಲರೂ ತಲೆದೂಗ್ತಾರೆ. ಆಮೇಲೆ ಎದುರಿನ ಅಂಗಡೀಲಿ ಬೋಂಡ ತಿಂತಾರೆ.

ಉಸಿರು ಬಿಗಿಹಿಡಿದವರು

ಸಿರಾದಲ್ಲಿ ಒಬ್ಬರು ಟೇಪು ಕಂಡಿದ್ದೇ ತಡ, ಹೊಟ್ಟೆಯನ್ನ ಬೆನ್ನಿಗೆ ಅಂಟಿಸಿಕೊಂಡು ನಿಂತರು. ಸಲೀಸಾಗಿ ಉಸಿರಾಡಿ ಅಂದೆ. ಆಡ್ತಿದ್ದೀನಿ ಅನ್ನೋ ಹಾಗೆ ಕಣ್ಣಲ್ಲೇ ಹೇಳಿದರು. ನನಗೂ ಹಟ. ಟೇಪು ಹಿಡಕೊಂಡೇ ಮಳೆ ಹೆಂಗೆ, ಕಡಲೆಕಾಯಿ ಹೆಂಗೆ ಅಂತ ಕೇಳ್ತಾ ನಿಂತೆ. ಎಲ್ಲಕ್ಕೂ ಹುಬ್ಬು ಹಾರಿಸಿದರೇ ಹೊರತು ಬಾಯಿ ಬಿಡಲಿಲ್ಲ. ಮುಖ ಕೆಂಪಗಾಗಿ ಬೆವರು ಇಳಿಯೋಕೆ ಶುರುವಾಯ್ತು.

ಪಕ್ಕದಲ್ಲಿದ್ದ ಅವರ ಹೆಂಡತಿ ಸಮಾಧಾನವಾಗಿ ಹೇಳಿದರು: "ನೀವು ಕಾಯ್ಬ್ಯಾಡಿ ಸಿಸ್ಟರ್. ನನ್ನ ನೋಡೋಕೆ ಬಂದಾಗ್ಲೂ ಇಂಗೇ ಕುಂತಿದ್ರು. ತಾಳಿ ಕಟ್ಟಿದ ಮೇಲೇ ಬುಟ್ಟಿದ್ದು."

ರಾಯಚರ್ಲಿನ ವಾಕಿಂಗು

ಪಾವಗಡದ ಕಡೆ ರಾಯಚರ್ಲಿನಲ್ಲಿ ಒಬ್ಬರು ಜಮೀನನ್ನ ಸೋಲಾರ್‌ಗೆ ಗುತ್ತಿಗೆ ಕೊಟ್ಟಿದ್ದಾರೆ. ಮೊದಲು ಬಿಸಿಲಲ್ಲಿ ಅವರು ನಿಲ್ತಿದ್ದರು, ಈಗ ಫಲಕಗಳು ನಿಲ್ತಾವೆ, ಇವರು ನೆರಳಲ್ಲಿ ಕೂರ್ತಾರೆ. ಹೊಟ್ಟೆಯೂ ಅದಕ್ಕೆ ತಕ್ಕ ಹಾಗೆ ಬೆಳೀತಿದೆ. ದಿನಾ ಬೆಳಗ್ಗೆ ನಡೀರಿ ಅಂದೆ, ಒಪ್ಪಿಕೊಂಡರು. ಮುಂದಿನ ಸಲ ಹೋದಾಗ ಅಳತೆ ಇನ್ನೂ ಏರಿತ್ತು. ನಡೆಯೋದೇ ಸುಳ್ಳಾ ಅಂತ ಗದರಿದೆ.

ಪಾಪ, ಆತ ದಿನಾ ಹೊರಡ್ತಿದ್ದುದು ನಿಜ. ಆದರೆ ಕೈಯಲ್ಲಿ ಚೀಲವಿಲ್ಲದೆ, ಕೆಲಸವಿಲ್ಲದೆ ರಸ್ತೇಲಿ ನಡೆಯೋ ಮನುಷ್ಯನನ್ನ ಆ ಊರು ಕಂಡೇ ಇಲ್ಲ. ಹಿಂದಿನಿಂದ ಬಂದೋರೆಲ್ಲ ಬೈಕು ನಿಲ್ಲಿಸಿ, "ಎಕ್ಕನ್ನಾ, ಎಕ್ಕು" ಅಂತ ತೆಲುಗಲ್ಲೇ ಕರೆದು ಹತ್ತಿಸಿಕೊಳ್ತಾರಂತೆ. ಬೇಡ ಅಂದರೆ ಏನು ಮನಸ್ತಾಪ ಅಂತ ಕೇಳ್ತಾರಂತೆ.

"ನಿನ್ನೆ ವಾಕಿಂಗಿಗೆ ಹೋದೋನು ಪಾವಗಡದಲ್ಲಿ ಇಳ್ದೆ ಮೇಡಂ," ಅಂದರು. "ಹೆಂಗೂ ಬಂದ್ಬುಟ್ಟಿದ್ನಲ್ಲ, ಎರಡು ಬೆಣ್ಣೆ ದೋಸೆ ತಿಂದು ಬಂದೆ."

ಯಾರ ರಕ್ತ, ಯಾರ ಪಥ್ಯ

ದೊಡ್ಡೇರಿ ಹತ್ತಿರದ ಒಂದು ಮನೆ. ಯಜಮಾನನಿಗೆ ತುಂಬಿದ ಹೊಟ್ಟೆ, ಹೆಂಡತಿಗೆ ಹಗಲೂ ರಾತ್ರಿ ಅದೇ ಚಿಂತೆ. ಅವಳ ಅಪ್ಪ ಎದೆನೋವು ಅಂತ ಜಗಲಿ ಮೇಲೆ ಕೂತೋರು ಏಳಲೇ ಇಲ್ಲ. ಗಂಡನೂ ಹಾಗಾಗಿಬಿಟ್ಟರೆ ಅನ್ನೋ ಭಯ. ಅದೇ ಮನೇಲಿ ಅವಳ ತಮ್ಮನೂ ಇದ್ದ, ಕಡಲೆಕಾಯಿ ಮಿಲ್ಲಲ್ಲಿ ಲೆಕ್ಕ ಬರೆಯೋ ರೈಟರು. ಕೈಕಾಲು ಕಡ್ಡಿ, ಶರಟಿನ ಕೆಳಗೆ ಮಾತ್ರ ಪುಟ್ಟದೊಂದು ದಿಬ್ಬ. ನನ್ನ ತಮ್ಮನ್ನ ನೋಡಿ ಕಲೀರಿ ಅಂತ ಗಂಡನಿಗೆ ಊಟಕ್ಕೊಂದು ಸಲ ಹೇಳಿಸಿಕೊಳ್ಳೋದು ತಪ್ಪುತ್ತಿರಲಿಲ್ಲ.

ಯುಗಾದಿಗೆ ಮುಂಚೆ ಅವಳು ಗಂಡನಿಗೆ, ಮಧುಗಿರಿ ಲ್ಯಾಬಲ್ಲಿ ರಕ್ತ ಕೊಟ್ಟು ಬನ್ನಿ, ರಿಪೋರ್ಟು ಕೆಟ್ಟಿದ್ದರೆ ಹಬ್ಬಕ್ಕೆ ಒಬ್ಬಟ್ಟಿಲ್ಲ ಅಂದಳು. ರಿಪೋರ್ಟು ಬಂತು. ಸಕ್ಕರೆ, ಕೊಬ್ಬು ಎರಡೂ ಹೆಚ್ಚು. ನನಗೆ ತಂದು ತೋರಿಸಿದಳು. ಡಾಕ್ಟರ ಹತ್ತಿರ ಕರೆದುಕೊಂಡು ಬಾ, ಅಲ್ಲೀವರೆಗೆ ಬಾಯಿ ಕಟ್ಟಿಸು ಅಂದೆ. ಯಜಮಾನ ಡಾಕ್ಟರ ಕೈಗೂ ಸಿಕ್ಕಲಿಲ್ಲ, ನನ್ನ ಕೈಗೂ ಸಿಕ್ಕಲಿಲ್ಲ.

ಹಬ್ಬ ಕಳೆದ ಮೇಲೆ ಅವಳೇ ಗಂಡನನ್ನೂ ತಮ್ಮನನ್ನೂ ಎಳಕೊಂಡು ಬಂದಳು. ಕೋಪಕ್ಕೆ ಅಳೂನೂ ಸೇರಿತ್ತು. ಗಂಡನಿಗೆ ಮುದ್ದೆ, ಸೊಪ್ಪಿನ ಸಾರು ಹಾಕಿದರೆ, ಆತ ನೆಂಟರೆಲ್ಲರ ಮುಂದೆ ಭಾಮೈದನ ಎಲೆಗೆ ಕೈಹಾಕಿ ಒಬ್ಬಟ್ಟು ಕಿತ್ತುಕೊಂಡು ತಿಂದನಂತೆ. ತುಪ್ಪದ ಬಟ್ಟಲನ್ನೂ ತೊಡೆ ಹಿಂದೆ ಬಚ್ಚಿಟ್ಟುಕೊಂಡನಂತೆ. ನನಗೂ ರೇಗಿತು. ಹೆಂಡತಿ ಮುಖ ನೋಡಿಯಾದರೂ ಜೀವ ಉಳಿಸಿಕೊಳ್ಳಬಾರದಾ ಅಂತ ಬೈದೆ.

ಆತ ನೆಲ ನೋಡಿಕೊಂಡೇ ಹೇಳಿದ: "ಆ ರಕ್ತ ನಂದಲ್ಲ ಸಿಸ್ಟರ್, ಇವಂದು. ನನ್ನ ಹೆಸರಲ್ಲಿ ಕೊಟ್ಟು ಬಾ ಅಂತ ನಾನೇ ಕಳ್ಸಿದ್ದೆ. ಕಡ್ಡಿ ಇದ್ದಂಗವ್ನೆ, ಚೆನ್ನಾಗಿ ಬತ್ತದೆ ಅಂದ್ಕೊಂಡೆ. ಈಗ ಇವಳು ಇವನ ಎಲೆಗೆ ತುಪ್ಪ ಸುರೀತಾ ಇದ್ರೆ ನಾನು ಹೆಂಗೆ ನೋಡ್ಕೊಂಡು ಕೂರ್ಲಿ?"

ತಮ್ಮ ನಕ್ಕುಬಿಟ್ಟ. ತನಗೆಲ್ಲಿಯ ಸಕ್ಕರೆ, ಲ್ಯಾಬಿನೋರು ಭಾವನ ಹೆಸರು ನೋಡಿ ಅಂದಾಜಲ್ಲಿ ಬರೆದಿದ್ದಾರೆ, ಭಾವನ ಹೊಟ್ಟೆ ಮಧುಗಿರಿಗೆಲ್ಲ ಗೊತ್ತಲ್ಲ ಅಂದ. ಕಡ್ಡಿ ಮೈಯೋರ ಒಳಗೂ ಕೊಬ್ಬು ಕೂರುತ್ತೆ ಅಂದರೆ ನಂಬಲಿಲ್ಲ. ಆ ದಿಬ್ಬದ ಸುತ್ತ ಟೇಪು ಹಿಡಿದೆ, ಮಿತಿ ದಾಟಿತ್ತು. ಇಬ್ಬರ ರಕ್ತವನ್ನೂ ಅವರವರ ಹೆಸರಲ್ಲೇ, ನನ್ನ ಕಣ್ಣೆದುರೇ ತೆಗೆಸಿದೆ.

ಭಾವನದೂ ಮೆಚ್ಚೋ ಹಾಗೇನಿರಲಿಲ್ಲ, ಅವನಿಗೂ ಪಥ್ಯ ತಪ್ಪಲಿಲ್ಲ. ಆದರೆ ಭಾಮೈದನ ರಿಪೋರ್ಟು ನೋಡಿ ಡಾಕ್ಟರು ಕುರ್ಚಿಯನ್ನ ಮುಂದಕ್ಕೆಳೆದುಕೊಂಡು ಕೂತರು. ಇಸಿಜಿ ಆಯ್ತು, ಅವತ್ತೇ ಮಾತ್ರೆ ಶುರುವಾಯ್ತು. ಸದ್ಯ, ಇನ್ನೂ ಕೈ ಮೀರಿಲ್ಲ ಅಂದರು. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಬೆಂಚಿನ ಮೇಲೆ ಕುಸಿದಳು. ಅಪ್ಪನ ಹಾಗೆ ಹೊರಟಿದ್ದೋನು ಇವನು, ನಾನೇ ಕೈಯಾರ ತುಪ್ಪ ಬಡಿಸ್ತಿದ್ದೆ ಅಂತ ಅತ್ತಳು.

ಯಜಮಾನ ಪಕ್ಕದಲ್ಲಿ ಕೂತು ಮೆಲ್ಲಗೆ ಅಂದ: "ಕಾಯ್ಲೆ ಅವಂದು, ಬೈಸ್ಕೊಂಡಿದ್ದು ನಾನು. ಅದಕ್ಕೇನ್ಮಾಡ್ತೀಯ ಹೇಳು."

ಅವಳು ಕಣ್ಣೊರೆಸಿಕೊಂಡಳು. ತಮ್ಮನ ಕಡೆ ತಿರುಗಿದಳು. ಹಬ್ಬದ ಮುಂಚಿನಿಂದ ಗಂಡನಿಗೆ ಬೈದಿದ್ದನ್ನೆಲ್ಲ ಅವನಿಗೆ ಮೊದಲಿನಿಂದ ಶುರು ಮಾಡಿದಳು. ಅವಳು ಮರೆತುಹೋಗಿದ್ದನ್ನ ಯಜಮಾನ ನೆನಪಿಸಿಕೊಡ್ತಾ ಕೂತಿದ್ದ.